ನರಹುಲಿ ಮರುಕಳಿಸಿದರೆ ತಪ್ಪು ಯಾರದು?

ಹೆಣ್ಣಿನ ಜನನಾಂಗದಲ್ಲಿ ಎದ್ದ ನರಹುಲಿಯನ್ನು ಸುಟ್ಟು ತೆಗೆದ ಕೆಲವೇ ತಿಂಗಳಲ್ಲಿ ಅದು ಮತ್ತೆ ಕಾಣಿಸಿಕೊಂಡರೆ, ಮನೆಯವರ ಅನುಮಾನ ಹೋಗುವುದು ಅವಳ ನಡತೆಯ ಮೇಲೆ. ಎಚ್‌ಐವಿ ಇರುವವಳಾದರಂತೂ ಕೇಳುವುದೇ ಬೇಡ. ಈ ಅನುಮಾನಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಅದು ಇರುವವರೆಗೆ ಸರಿಯಾದ ಚಿಕಿತ್ಸೆಯೂ ಸಾಧ್ಯವಿಲ್ಲ.

ಜನನಾಂಗದ ನರಹುಲಿಗೆ ಕಾರಣ ಎಚ್‌ಪಿವಿ ವೈರಸ್‌. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಇರುವುದು ಅದರ 6 ಮತ್ತು 11ನೇ ಬಗೆಗಳು. ಆರೋಗ್ಯವಂತ ದೇಹ ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಇದನ್ನು ತಾನೇ ಅಡಗಿಸುತ್ತದೆ. ಎಚ್‌ಐವಿಯಿಂದಲೋ, ಮೂತ್ರಪಿಂಡ ಕಸಿಯ ನಂತರ ನುಂಗುವ ಔಷಧಿಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಗಂಟುಗಳು ಹೆಚ್ಚುತ್ತವೆ, ದೊಡ್ಡದಾಗುತ್ತವೆ, ಬೇಗ ಬಗ್ಗುವುದಿಲ್ಲ. ಆಸಿಡ್‌ ಹಚ್ಚಿದರೂ, ಹೆಪ್ಪುಗಟ್ಟಿಸಿದರೂ, ಕರೆಂಟಿನಿಂದ ಸುಟ್ಟರೂ ಹೋಗುವುದು ಕಣ್ಣಿಗೆ ಕಂಡದ್ದು ಮಾತ್ರ. ಸುತ್ತಲಿನ ಚರ್ಮದಲ್ಲಿ ವೈರಸ್‌ ಉಳಿದಿರಬಹುದು. ಇಮಿಕ್ವಿಮೋಡ್‌ ಮುಲಾಮು ಕೆಲಸ ಮಾಡುವುದೇ ದೇಹದ ರಕ್ಷಣಾಶಕ್ತಿಯನ್ನು ಕೆರಳಿಸಿ. ಆ ಶಕ್ತಿ ಸೊರಗಿದ್ದರೆ ಫಲವೂ ಕಡಿಮೆ. ಮರುಕಳಿಸುವುದು ಈ ರೋಗದ ಸ್ವಭಾವ, ಹೆಂಗಸಿನ ಗುಣವಲ್ಲ.

ಇದನ್ನು ಒಪ್ಪಿದರೆ ಚಿಕಿತ್ಸೆಯೆಂದರೆ ಒಂದು ದಿನದ ಸುಡುವಿಕೆಯಲ್ಲ, ವರ್ಷಗಳ ನಿಗಾ. ಎಚ್‌ಐವಿ ಇರುವವರಿಗೆ ಆ ವೈರಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತಪ್ಪಬಾರದು. ಪೊಡೊಫಿಲಿನ್‌ ಎಂಬ ನರಹುಲಿ ಔಷಧಿ ಹಚ್ಚುವ ಮೊದಲು ಬಸುರಿಯಲ್ಲವೆಂದು ಖಚಿತವಾಗಬೇಕು. ಅನುಮಾನ ಹುಟ್ಟಿಸುವ ಗಂಟಿನ ತುಣುಕು ಪರೀಕ್ಷೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗರ್ಭಕಂಠದ ತಪಾಸಣೆ ಆಗಬೇಕು. ನರಹುಲಿ ತರುವ ಬಗೆಗಳು ಕ್ಯಾನ್ಸರ್‌ ತರುವುದು ಅಪರೂಪ, ಆದರೆ ಕ್ಯಾನ್ಸರ್‌ ತರುವ 16, 18ನೇ ಬಗೆಗಳೂ ಜೊತೆಗಿರಬಹುದು. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್‌ ಅಪಾಯ ಆರು ಪಟ್ಟು ಹೆಚ್ಚೆಂದು ಹೇಳುವ ವಿಶ್ವ ಆರೋಗ್ಯ ಸಂಸ್ಥೆ, ಅವರ ತಪಾಸಣೆ 25ನೇ ವಯಸ್ಸಿಗೇ ಶುರುವಾಗಲಿ ಎನ್ನುತ್ತದೆ.

ಇದಕ್ಕೆಲ್ಲ ಮೈಸೂರಿನಲ್ಲಿ ಕೆ.ಆರ್‌. ಆಸ್ಪತ್ರೆಯಿದೆ, ಚೆಲುವಾಂಬ ಆಸ್ಪತ್ರೆಯಿದೆ, ಇನ್ನೇನು ಬೇಕು ಎಂದು ಕೇಳಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆಯ ಹೆಂಗಸಿನ ಕಣ್ಣಿನಿಂದ ನೋಡಿದರೆ ಉತ್ತರ ಬೇರೆ. ನರಹುಲಿಗೆ ಔಷಧಿ ಹಚ್ಚಿಸಿಕೊಳ್ಳಲು ವಾರ ವಾರವೂ ಹೋಗಬೇಕಾಗಬಹುದು. ಪಿರಿಯಾಪಟ್ಟಣ, ಹುಣಸೂರಿನ ಹೊಲಗಳಲ್ಲಿ ಹೊಗೆಸೊಪ್ಪು ಮುರಿಯುವ ಹಂಗಾಮಿನಲ್ಲಿ ಒಂದು ದಿನ ಮೈಸೂರಿಗೆ ಹೋದರೆ ಆ ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ಖರ್ಚು. ವಾರವೂ ಎಲ್ಲಿಗೆ ಹೋಗುತ್ತೀ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಹೇಳುವುದು ಅದಕ್ಕಿಂತ ಕಷ್ಟ. ಹೀಗೆ ಅರ್ಧಕ್ಕೆ ನಿಂತ ಚಿಕಿತ್ಸೆಯನ್ನು ಅವಳ ಅಸಡ್ಡೆ ಎನ್ನುವುದು ಅನ್ಯಾಯ.

ಆದ್ದರಿಂದ ಎಆರ್‌ಟಿ ಮಾತ್ರೆ ಕೊಡುವ ದಿನವೇ, ಅದೇ ಸೂರಿನಡಿ, ಪರದೆಯ ಮರೆಯಲ್ಲಿ ಮಹಿಳಾ ವೈದ್ಯರ ತಪಾಸಣೆಯೂ ನರಹುಲಿಗೆ ಔಷಧಿಯೂ ಸಿಗಬೇಕು. ಉಳಿದ ವಾರಗಳ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಯಬೇಕು. ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಹೊರಗೆಡಹುವುದನ್ನು 2017ರ ಎಚ್‌ಐವಿ-ಏಡ್ಸ್‌ ಕಾಯ್ದೆ ನಿಷೇಧಿಸಿದೆ. ಆ ಗುಟ್ಟು ಚೀಟಿ ಬರೆಯುವ ಮೇಜಿನಿಂದಲೇ ಕಾಪಾಡಬೇಕು. ಹೆಣ್ಣುಮಕ್ಕಳಿಗೆ 6, 11, 16, 18 ಈ ನಾಲ್ಕೂ ಬಗೆಗಳನ್ನು ತಡೆಯುವ ಲಸಿಕೆ ಹಾಕಿಸಬೇಕು. ಅದು ಬಂದ ರೋಗವನ್ನು ವಾಸಿಮಾಡದು, ಬರುವುದನ್ನು ತಡೆಯುತ್ತದೆ.

ಖರ್ಚಿಲ್ಲದ ಒಂದು ಕೆಲಸವೂ ಉಂಟು. ಮೊದಲ ದಿನವೇ ವೈದ್ಯರು, "ಇದು ಮತ್ತೆ ಬರಬಹುದು ಕಣಮ್ಮ, ಬಂದರೆ ನಿನ್ನ ತಪ್ಪಲ್ಲ, ಹೆದರದೆ ಬಾ" ಎನ್ನಬೇಕು. ಈ ಮಾತು ಕೇಳಿಸಿಕೊಂಡವಳು ಎರಡನೆಯ ಸಲವೂ ಬರುತ್ತಾಳೆ. ಅವಳು ಮತ್ತೆ ಬಂದರೆ ಮಾತ್ರ ಗರ್ಭಕಂಠದ ಕ್ಯಾನ್ಸರನ್ನು ಹೊತ್ತು ಮೀರುವ ಮೊದಲೇ ಹಿಡಿಯಲಾದೀತು.