ಕೌಂಟ್ ಹೊತ್ತಿನ ಮೌನ

ಆಪರೇಷನ್ ಥಿಯೇಟರಿನೊಳಗೆ ಮೊಬೈಲು ಬೇಡ, ಹಾಡು ಬೇಡ, ಹರಟೆ ಬೇಡ, ಶುರುವಿನಿಂದ ಕೊನೆಯವರೆಗೆ ಪೂರ್ತಿ ಮೌನವಿರಲಿ ಎನ್ನುವವರಿದ್ದಾರೆ. ಅವರ ಕಾಳಜಿ ನನ್ನದೂ ಹೌದು. ನಡುವೆ ಬಂದ ಪ್ರತಿ ಪ್ರಶ್ನೆ, ಪ್ರತಿ ಸಲ ತೆರೆದ ಬಾಗಿಲು ಸರ್ಜನ್ನರ ತಲೆಯ ಮೇಲಿನ ಹೊರೆಯನ್ನು ಹೆಚ್ಚಿಸುತ್ತದೆ. ಆದರೂ ಇಪ್ಪತ್ತು ವರ್ಷ ಅರಿವಳಿಕೆ ಕೊಟ್ಟವಳಾಗಿ ಈ ಮದ್ದನ್ನು ನಾನು ಒಪ್ಪಲಾರೆ.

ಮೌನದ ಪರವಾಗಿ ಸಾಮಾನ್ಯವಾಗಿ ವಿಮಾನದ ಉದಾಹರಣೆ ಬರುತ್ತದೆ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ನೆಲಕ್ಕೆ ಬಡಿಯಿತು. ಇಳಿಯುವ ಹೊತ್ತಿನಲ್ಲೂ ಪೈಲಟ್‌ಗಳು ರಾಜಕೀಯ, ಹಳೇ ಕಾರು ಎಂದು ಮಾತಾಡುತ್ತಿದ್ದರು. ಅಂಥ ಅಪಘಾತಗಳಿಂದ ಪಾಠ ಕಲಿತು 1981ರಲ್ಲಿ ಅಲ್ಲಿ ನಿಯಮ ಬಂತು: 10,000 ಅಡಿಗಿಂತ ಕೆಳಗಿದ್ದಾಗ ಕೆಲಸಕ್ಕೆ ಬೇಡದ ಮಾತು ಕೂಡದು. ಎತ್ತರದಲ್ಲಿ ಸಲೀಸಾಗಿ ಹಾರುವಾಗ ಮಾತಾಡಬಹುದು. ನಿಯಮ ಕಾಯುವುದು ಏರುವ, ಇಳಿಯುವ ನಿಮಿಷಗಳನ್ನು.

ಓಟಿಯಲ್ಲಿ ಆ ನಿಮಿಷ ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ. ರಕ್ತನಾಳದ ಪಕ್ಕದ ಅಂಗಾಂಶ ಬಿಡಿಸುವಾಗ ಸರ್ಜನ್ ಮೈಯೆಲ್ಲ ಕಣ್ಣಾಗಿರುತ್ತಾರೆ. ಆಗ ಯಾರೂ ಹೇಳದೆಯೇ ಎಲ್ಲರೂ ಸುಮ್ಮನಾಗುತ್ತಾರೆ. ಹೊಟ್ಟೆ ಮುಚ್ಚುವ ಹೊತ್ತಿಗೆ ಅವರಿಗೆ ನಿರಾಳ. ಹಾಡಿನ ದನಿ ಏರುತ್ತದೆ, ಮುಂದಿನ ಕೇಸಿನ ಮಾತು ಶುರುವಾಗುತ್ತದೆ. ರಕ್ತ ಒರೆಸಿದ ಬಟ್ಟೆಗಳು, ಅಂದರೆ ಮಾಪುಗಳು, ಒಳಗೆ ಉಳಿದಿಲ್ಲವೆಂದು ಸಿಸ್ಟರ್ ಎಣಿಸುವುದು ಸರಿಯಾಗಿ ಆಗಲೇ.

ಒಂದು ಮಧ್ಯಾಹ್ನದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ರಕ್ತದಲ್ಲಿ ತೊಯ್ದ ಮಾಪುಗಳನ್ನು ಐದೈದರಂತೆ ಹಾಸಿ ಎಣಿಸುತ್ತಿದ್ದ ಸಿಸ್ಟರ್ 'ಹದಿಮೂರು' ಎನ್ನುವಷ್ಟರಲ್ಲಿ ಯಾರೋ ಹೊಲಿಗೆ ದಾರ ಕೇಳಿದರು. ಕೊಟ್ಟು ಬಂದು ಮೊದಲಿಂದ ಎಣಿಸತೊಡಗಿದರೆ ಫೋನು. ಮೂರನೇ ಸಲಕ್ಕೆ ಒಂದು ಮಾಪ್ ಕಡಿಮೆ ಬಂತು. 'ಸರ್, ಸ್ವಲ್ಪ ನಿಲ್ಲಿ, ಕೌಂಟ್ ಸರಿ ಬರ್ತಿಲ್ಲ.' ಆ ದನಿ ಎಷ್ಟು ಸಣ್ಣದಿತ್ತೆಂದರೆ ಅದನ್ನೇ ನಾನು ಜೋರಾಗಿ ಹೇಳಬೇಕಾಯಿತು. ಮಾಪ್ ಯಕೃತ್ತಿನ ಕೆಳಗೆ ಸಿಕ್ಕಿತು.

ಸರ್ಜನ್ನರ ಮನಸ್ಸಿನ ಹೊರೆ ಅಳೆಯಲು 2011ರಲ್ಲಿ ಸರ್ಜ್-ಟಿಎಲ್‌ಎಕ್ಸ್ ಎಂಬ ಪ್ರಶ್ನಾವಳಿ ಬಂತು. ನಾಸಾದ ಪ್ರಶ್ನಾವಳಿಯನ್ನು ತಿದ್ದಿ ಮಾಡಿದ್ದು. ಅದರ ಆರು ಅಂಶಗಳಲ್ಲಿ ಗಮನಭಂಗವೂ ಒಂದು. ಒಳ್ಳೆಯ ಕೆಲಸವೇ. ಆದರೆ ಮೂರು ಸಲ ಎಣಿಸಬೇಕಾಗಿ ಬಂದ ಆ ಸಿಸ್ಟರನ್ನು 'ನಿಮ್ಮ ತಲೆ ಎಷ್ಟು ಭಾರವಾಗಿತ್ತು' ಎಂದು ಅಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪೂರ್ತಿ ಮೌನದ ಕಟ್ಟಳೆ ಬಂದರೆ ಮೊದಲು ಅಡಗುವುದು ಇಂಥ ಸಣ್ಣ ದನಿಯೇ ಎಂಬುದು ನನ್ನ ಭಯ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟಿನಲ್ಲಿ ಚರ್ಮ ಕೊಯ್ಯುವ ಮುನ್ನ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂದಿದೆ. ಒಮ್ಮೆ ಬಾಯಿ ಬಿಟ್ಟವರಿಗೆ ಆಮೇಲೆ 'ನಿಲ್ಲಿ' ಎನ್ನುವುದು ಸುಲಭ.

ಇನ್ನು ಫೋನು. ತಾಲ್ಲೂಕು ಆಸ್ಪತ್ರೆಯಲ್ಲಿ ಇರುವವರು ಒಬ್ಬರೇ ಹೆರಿಗೆ ತಜ್ಞೆಯಾದರೆ, ಸಿಸೇರಿಯನ್ ನಡುವೆ ಲೇಬರ್ ವಾರ್ಡಿನಿಂದ ಕರೆ ಬಂದೇ ಬರುತ್ತದೆ. ಅವರಿಗೆ ಶಿಸ್ತಿನ ಪಾಠ ಬೇಕಿಲ್ಲ, ಇನ್ನೊಬ್ಬ ವೈದ್ಯರು ಬೇಕು. ಅದಾಗುವ ತನಕ ಕರೆ ತೆಗೆದುಕೊಂಡು, ತುರ್ತೋ ಅಲ್ಲವೋ ಎಂದು ವಿಚಾರಿಸಲು ಓಟಿ ಬಾಗಿಲ ಹೊರಗೆ ಒಬ್ಬರನ್ನಾದರೂ ಕೊಡಿ.

ನಾನು ಈಗಿರುವ ಥಿಯೇಟರಿನಲ್ಲಿ ಸ್ಪೀಕರಿನ ಸ್ವಿಚ್ಚು ಸಿಸ್ಟರ್ ಕೈಗೆಟಕುವಲ್ಲಿದೆ. 'ಕೌಂಟ್' ಎಂದು ಹೇಳಿ ಅವರು ಅದನ್ನು ಆರಿಸುತ್ತಾರೆ. ಎಣಿಸಿ ಮುಗಿಯುವ ತನಕ ಸರ್ಜನ್ ಕೂಡ ದಾರ ಕೇಳುವುದಿಲ್ಲ.