ಆನೆಯ ಬಾಲ, ಶಿವರಾಯಿಯ ಅಕ್ಷರ

ಯುವ ಮಿತ್ರರೇ, ಪಿಂಪ್ರಿ-ಚಿಂಚವಾಡದಲ್ಲಿ ಬೆಳೆದ ನಿಮಗೆ 'ಡೈ' ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಭೋಸರಿಯ ಟೂಲ್‌ರೂಮಿನ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೂ ನಡೆಯುತ್ತದೆ. ಅಲ್ಲಿ ಒಂದು ಡೈ ಸವೆದರೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಇನ್ನೊಂದು ತಯಾರಾಗಬೇಕು. ಹಳೆಯ ನಾಣ್ಯಗಳ ಕಥೆಯೇ ಬೇರೆ. ಅಚ್ಚು ಕೊರೆಯುವವನು ಉಳಿ ಹಿಡಿದು, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊರೆಯಬೇಕಿತ್ತು. ಎರಡನೆಯದು ಮೊದಲನೆಯದರಂತೆ ಬರುವುದಾದರೂ ಹೇಗೆ?

ಪೇಶ್ವೆಯರ ಕಾಲದಲ್ಲಿ ನಮ್ಮ ಚಿಂಚವಾಡದಲ್ಲೇ ಒಂದು ಟಂಕಸಾಲೆಯಿತ್ತು. ಮೋರಯಾ ಗೋಸಾವಿಯ ದರ್ಶನಕ್ಕೆ ಹೋಗುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಆದರೆ ಈ ಕಡೆ ಸುಲಭವಾಗಿ ಕೈಗೆ ಸಿಗುವುದು ತಾಮ್ರದ ಶಿವರಾಯಿ. ಒಂದು ಕಡೆ 'ಶ್ರೀ ರಾಜಾ ಶಿವ', ಇನ್ನೊಂದು ಕಡೆ 'ಛತ್ರಪತಿ'. ನಾಲ್ಕು ಶಿವರಾಯಿಗಳನ್ನು ಸಾಲಾಗಿ ಇಟ್ಟು ನೋಡಿ. ಒಂದರಲ್ಲಿ ಶಿವ, ಒಂದರಲ್ಲಿ ಸಿವ, ಮತ್ತೊಂದರಲ್ಲಿ ಶೀವ! ಅಡ್ಡಕ್ಕೆ ಎರಡು ಗೆರೆಗಳಿರುವುದು 'ದುದಾಂಡಿ'. ಅದು ಬಹಳ ಈಚಿನದು. ಶಿವಾಜಿ ಮಹಾರಾಜರ ಪಟ್ಟಾಭಿಷೇಕ ನಡೆದದ್ದು 1674ರಲ್ಲಿ. ಶಿವರಾಯಿಯ ಅಚ್ಚು ಮಾತ್ರ 19ನೇ ಶತಮಾನದವರೆಗೂ ನಡೆಯಿತು. ಆದ್ದರಿಂದ "ಮಹಾರಾಜರ ಕಾಲದ್ದು" ಎಂದು ಯಾರಾದರೂ ಬೆಲೆ ಏರಿಸಿದರೆ ಮೊದಲು ಆ ಗೆರೆಗಳನ್ನು ಹುಡುಕಿ.

ಕೆಳಗಿನ ಅಚ್ಚು ಮರದ ದಿಮ್ಮಿಯಲ್ಲೋ ಅಡಿಗಲ್ಲಿನಲ್ಲೋ ಭದ್ರ. ಅದರ ಮೇಲೆ ಲೋಹದ ಬಿಲ್ಲೆ, ಅದರ ಮೇಲೆ ಇನ್ನೊಂದು ಅಚ್ಚು, ಆಮೇಲೆ ಸುತ್ತಿಗೆಯ ಏಟು. ಏಟು ತಿನ್ನುವ ಮೇಲಿನ ಅಚ್ಚು ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ. ಹೀಗೆ ಕೆಳಗಿನ ಒಂದೇ ಅಚ್ಚಿಗೆ ಮೇಲಿನವು ಹಲವು ಜೊತೆಯಾಗುತ್ತವೆ. ಒಂದು ನಾಣ್ಯದಲ್ಲಿ ಸಣ್ಣ ಬಿರುಕು, ಅದೇ ಅಚ್ಚಿನ ಇನ್ನೊಂದರಲ್ಲಿ ದೊಡ್ಡದು ಎಂದರೆ ಯಾವುದು ಮೊದಲು ಹುಟ್ಟಿತೆಂದು ಜಾತಕವಿಲ್ಲದೆ ಹೇಳಬಹುದು.

ಇನ್ನು ನಮ್ಮ ಮೈಸೂರಿನ ಆನೆ ಕಾಸುಗಳು. ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿ ಆನೆ ಎಡಕ್ಕೂ ನಿಂತಿದೆ, ಬಲಕ್ಕೂ ನಿಂತಿದೆ. ಅದು ಮಾದರಿಯ ಬದಲಾವಣೆ. ಅಚ್ಚಿನ ಭೇದ ಬೇಕಾದರೆ ಬಾಲದ ಸುರುಳಿ, ಸೊಂಡಿಲಿನ ಬಾಗು, ಅಕ್ಷರಗಳ ನಡುವಿನ ಅಂತರ ನೋಡಬೇಕು. 1787ರಿಂದ ಅವನು ಮೌಲೂದಿ ಶಕೆ ಬಳಸಿದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಈ ನಾಣ್ಯಗಳ ಬಗ್ಗೆ ಹೆಂಡರ್ಸನ್ ಎಂಬವರು 1921ರಲ್ಲೇ ಒಂದು ಪುಸ್ತಕ ತಂದಿದ್ದಾರೆ.

ಆದರೆ ಆನೆ ಕಂಡೊಡನೆ ಟಿಪ್ಪು ಎನ್ನಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರೂ ಆನೆಯನ್ನು ಉಳಿಸಿಕೊಂಡರು. ಅವರ ಕಾಸಿನಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ 'ಶ್ರೀ' ಇದೆ, ಹಿಂದೆ ಕನ್ನಡದಲ್ಲಿ 'ಕಾಸು', ಜೊತೆಗೆ ಇಂಗ್ಲಿಷಿನಲ್ಲಿ 'ಕ್ಯಾಶ್'. (ಆ ಕ್ಯಾಶ್ ನಮ್ಮ ಕಾಸಿನ ಸಂತಾನವೇ, ಪೋರ್ಚುಗೀಸರ ಬಾಯಲ್ಲಿ ಹೊರಳಿ ಬಂದದ್ದು. ಬ್ಯಾಂಕಿನ ಕ್ಯಾಶಿನ ಮೂಲ ಬೇರೆ.) ಶಿವರಾಯಿಯನ್ನು ನೀವು ಶಾಲೆಯ ಮರಾಠಿಯಿಂದಲೇ ಓದಿಬಿಡುತ್ತೀರಿ. ಈ ಕಾಸಿನ ಮುಂದೆ ಮಾತ್ರ ನಿಮ್ಮಲ್ಲಿ ಅನೇಕರು ತಡವರಿಸುತ್ತೀರಿ, ಅಲ್ಲವೇ? ಅರ್ಧ ಅಳಿಸಿದ ಗೆರೆ 'ಕಾ'ದ ದೀರ್ಘವೋ, ಅಚ್ಚಿನ ಬಿರುಕೋ ಎಂದು ತಿಳಿಯಲು ಅಕ್ಷರ ಕಣ್ಣಿಗೆ ಒಗ್ಗಿರಬೇಕು. ಭೂತಗನ್ನಡಿ ಅದನ್ನು ಕಲಿಸದು.

ಯಂತ್ರ ಬಂದ ಮೇಲೂ ಭೇದ ಉಳಿಯಿತು. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ 1874ರವರೆಗೂ 1862 ಎಂದೇ ಇಸವಿ. ಮುಂಬಯಿಯ ರೂಪಾಯಿಗಳಲ್ಲಿ ಚುಕ್ಕಿಗಳನ್ನು ಎಣಿಸಬೇಕು.

ತಾಯಂದಿರಿಗೂ ಒಂದು ಮಾತು. ದೀಪಾವಳಿಗೆ ಲಕ್ಷ್ಮೀಪೂಜೆಯ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬಾಲದ ಸುರುಳಿ, ಚುಕ್ಕಿ, ಬಿರುಕು ಎಲ್ಲ ಅದರ ಜೊತೆ ಹೋಗುತ್ತವೆ. ನೀರಲ್ಲಿ ಅದ್ದಿ ಬಟ್ಟೆಯಲ್ಲಿ ಒತ್ತಿದರೆ ಲಕ್ಷ್ಮಿಗೆ ಸಾಕು. ಮಕ್ಕಳೇ, ರಜೆಗೆ ಊರಿಗೆ ಹೋದಾಗ ಅಜ್ಜಿಯ ದೇವರ ಪೆಟ್ಟಿಗೆಯನ್ನು ಕೇಳಿ ತೆಗೆಸಿ, ನಾಣ್ಯವನ್ನು ಕಿಟಕಿಯ ಓರೆ ಬೆಳಕಿನಲ್ಲಿಟ್ಟು ಎರಡೂ ಮುಖಗಳ ಫೋಟೋ ತನ್ನಿ. ಕನ್ನಡದ ಅಕ್ಷರ ತೊಡಕಾದರೆ ಅಜ್ಜಿಯಿಂದಲೇ ಓದಿಸಿಕೊಂಡು ಬನ್ನಿ.