ಮೊದಲು ಖಾಲಿ ಮೇಜನ್ನು ಅಳೆಯೋಣ

ಬೋಧನಾಭ್ಯಾಸದ ಮೂರನೇ ವಾರ ಒಂಬತ್ತನೇ ತರಗತಿಗೆ ಐಸೋಟೋಪುಗಳ ಪಾಠವಿತ್ತು. ಕಾಲೇಜಿನ ಪ್ರಯೋಗಾಲಯದಿಂದ ಕೈಯಲ್ಲಿ ಹಿಡಿಯುವ ಗೈಗರ್ ಕೌಂಟರ್ ಒಯ್ದಿದ್ದೆ. ಮೇಜಿನ ಮೇಲೆ ಒಂದು ನಿಮಿಷ ಇಟ್ಟಾಗ 16 ಎಣಿಕೆ; ವರಾಂಡದ ಗ್ರಾನೈಟ್ ಕಟ್ಟೆಯ ಮೇಲೆ 31. "ನೋಡಿದಿರಾ, ಕಲ್ಲಿನಲ್ಲಿ ಎರಡು ಪಟ್ಟು ವಿಕಿರಣ!" ಎಂದೆ. ಮಕ್ಕಳು ಬೆರಗಾದರು, ನನಗೂ ಹಿಗ್ಗು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಬಂದು ಕೇಳಿದಳು: "ನಮ್ಮನೆ ಜಗಲಿನೂ ಗ್ರಾನೈಟೇ ಮೇಡಂ. ಅಜ್ಜಿ ಅದರ ಮೇಲೇ ಮಲಗ್ತಾರೆ. ಏನಾದ್ರೂ ಆಗುತ್ತಾ?"

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ತಪ್ಪು ಉಪಕರಣದ್ದಲ್ಲ, ನನ್ನದು. ಪರಮಾಣುಗಳು ಗಡಿಯಾರ ನೋಡಿಕೊಂಡು ಕ್ಷಯಿಸುವುದಿಲ್ಲ. ನಿಮಿಷಕ್ಕೆ ಸರಾಸರಿ 20 ಎಣಿಕೆ ಇರುವಲ್ಲಿ ಒಮ್ಮೆ 15, ಇನ್ನೊಮ್ಮೆ 26 ಬರುವುದು ಸಹಜ. ಏರಿಳಿತ ಸುಮಾರಾಗಿ ಎಣಿಕೆಯ ವರ್ಗಮೂಲದಷ್ಟು: 20ಕ್ಕೆ 4.5, 200ಕ್ಕೆ 14. ಅಂದರೆ ಹತ್ತು ನಿಮಿಷ ಕಾದರೆ ಅನಿಶ್ಚಿತತೆ ಶೇ. 22ರಿಂದ ಶೇ. 7ಕ್ಕೆ ಇಳಿಯುತ್ತದೆ. ಪದವಿಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದ ನಾನೇ ತರಗತಿಯಲ್ಲಿ ಮರೆತೆ.

ಮರುದಿನ ಮಕ್ಕಳೇ ಹತ್ತತ್ತು ನಿಮಿಷ ಎಣಿಸಿ ಹಲಗೆಯ ಮೇಲೆ ಬರೆದರು: ಖಾಲಿ ಮೇಜು 196, ಕಟ್ಟೆ 258, ಪೊಟ್ಯಾಷ್ ಗೊಬ್ಬರದ ಪೊಟ್ಟಣ 341. ಕಟ್ಟೆಯಲ್ಲಿ ಹೆಚ್ಚಿರುವುದು ನಿಜ, ಆದರೆ ಎರಡು ಪಟ್ಟಲ್ಲ. ಗೊಬ್ಬರದಲ್ಲಿರುವ ಪೊಟ್ಯಾಸಿಯಂ-40 ಬಾಳೆಹಣ್ಣಿನಲ್ಲೂ ನಮ್ಮ ಮೈಯಲ್ಲೂ ಇದೆ. ಮಣ್ಣು, ಗಾಳಿ, ಆಕಾಶ, ಆಹಾರ ಎಲ್ಲ ಸೇರಿ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. "ಹಂಗಾದ್ರೆ ಅಜ್ಜಿನ ಎಬ್ಬಿಸೋದು ಬೇಡ" ಎಂದಳು ಹುಡುಗಿ.

ಮೂರು ಸಂಖ್ಯೆಗೆ ಒಂದಿಡೀ ಅವಧಿ ಹೋಯಿತಲ್ಲ ಎಂದು ಸಹಪಾಠಿಯೊಬ್ಬರು ಕೇಳಿದರು. ಹೋಯಿತು, ನಿಜ. ಆದರೆ ಕಾಯುವಾಗ ಮಕ್ಕಳು ಊಹಿಸಿದರು, ವಾದಿಸಿದರು, ಸರಾಸರಿ ತೆಗೆದರು. ಹಿಂದಿನ ದಿನ ಅವರು ಕೇವಲ ಬೆರಗಾಗಿದ್ದರು.

ಉಪಕರಣ ಒಯ್ಯುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಮಾತು ಇಷ್ಟೇ: ಮೊದಲು ಹಿನ್ನೆಲೆ ಎಣಿಕೆ ತೆಗೆಯಿರಿ, ಆಮೇಲೆ ವಸ್ತು ಇಡಿ. ಪರದೆಯ ಮೈಕ್ರೋಸೀವರ್ಟ್ ಅಂಕಿಯನ್ನು ಹಾಗೆಯೇ ಓದಿ ಹೇಳಬೇಡಿ. ಅದನ್ನು ಸಾಮಾನ್ಯವಾಗಿ ಸೀಸಿಯಂ-137ರ ಗಾಮಾ ಕಿರಣಕ್ಕೆ ಹೊಂದಿಸಿರುತ್ತಾರೆ, ಗೊಬ್ಬರದ ಬೀಟಾ ಕಣಗಳಿಗಲ್ಲ. ಮಾರ್ಗದರ್ಶಕರಲ್ಲೂ ಒಂದು ಕೋರಿಕೆ. ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ "ಉಪಕರಣ ಬಳಸಿದರೇ?" ಎಂಬ ಕಾಲಂ ಇದೆ. ಅದರ ಪಕ್ಕದಲ್ಲಿ "ಎಷ್ಟು ಸಲ ಅಳೆದರು?" ಎಂಬುದನ್ನೂ ಸೇರಿಸಿ. ಮೊದಲ ದಿನ ನನಗೆ ಆ ಕಾಲಂನಲ್ಲಿ ಸೊನ್ನೆ ಸಿಕ್ಕಿದ್ದರೆ ಅದು ನ್ಯಾಯವೇ ಆಗಿರುತ್ತಿತ್ತು.